ಕುಬಸಕ್ಕೆ ಮೊದಲೇ ಹೇಳಬೇಕಾದ ಮಾತು

ಹುಟ್ಟಿನಿಂದಲೇ ಬರುವ ಕೆಲವು ಕಾಯಿಲೆಗಳನ್ನು ಪತ್ತೆಹಚ್ಚಲು ಎಳೆಗೂಸಿಗೆ ಮಾಡುವ ರಕ್ತಪರೀಕ್ಷೆಯ ವಿಷಯವನ್ನು ಹೆರಿಗೆಯಾದ ಮೇಲೆ ಆಸ್ಪತ್ರೆಯವರು ಹೇಳಿದರೆ ಸಾಲದೇ, ಬಸುರಿಗೆ ಈಗಲೇ ಯಾಕೆ ಎಂದು ಕೇಳಿದ್ದೀರಿ. ಬೇರೆ ಕಡೆ ಹೇಗೋ, ಬೀದರ್ ಜಿಲ್ಲೆಯ ನಮ್ಮ ಔರಾದ್ ಭಾಗದಲ್ಲಿ ಆಮೇಲೆ ಹೇಳೋಣವೆಂದರೆ ಆ ಹೆಣ್ಣುಮಗಳು ನಮ್ಮ ಕೈಗೆ ಸಿಗುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತದೆ. ಆ ತವರು ಮಹಾರಾಷ್ಟ್ರದ ಉದಗೀರವೋ ದೇಗಲೂರೋ, ತೆಲಂಗಾಣದ ನಾರಾಯಣಖೇಡವೋ ಆಗಿರಬಹುದು. ಹೆಣ್ಣು ಕೊಡುವಾಗ, ತರುವಾಗ ಇಲ್ಲಿ ಯಾರೂ ರಾಜ್ಯದ ಗಡಿ ನೋಡುವುದಿಲ್ಲ. ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ಹೋದವಳು ಬಾಣಂತನ ಮುಗಿದ ಮೇಲೆಯೇ ಮರಳುತ್ತಾಳೆ. ಈ ಪರೀಕ್ಷೆಗೆ ಸರಿಯಾದ ಸಮಯವಾದರೋ ಹುಟ್ಟಿದ 48ರಿಂದ 72 ಗಂಟೆಗಳ ನಡುವೆ.

ಹುಟ್ಟಿದ ಕೂಡಲೇ ಮಾಡಬಾರದೇ ಎಂದು ಮನೆಯವರು ಕೇಳುತ್ತಾರೆ. ಮೊದಲ ದಿನ ಎಲ್ಲ ಕೂಸುಗಳಲ್ಲೂ, ಕತ್ತಿನ ಥೈರಾಯ್ಡ್ ಗ್ರಂಥಿ ಸೋತಾಗ ಏರುವ ಟಿಎಸ್‌ಎಚ್ ಹಾರ್ಮೋನು ಏರಿರುತ್ತದೆ. ಆಗ ರಕ್ತ ತೆಗೆದರೆ ಆರೋಗ್ಯವಂತ ಕೂಸಿನ ವರದಿಯೂ ಸಂದೇಹ ಹುಟ್ಟಿಸಬಹುದು. ಹಿಮ್ಮಡಿಯ ಅಂಚಿಗೆ ಸಣ್ಣದಾಗಿ ಚುಚ್ಚಿ, ಫಿಲ್ಟರ್ ಪೇಪರಿನ ಮೇಲೆ ಅಚ್ಚಾದ ವೃತ್ತಗಳಿಗೆ ಒಂದೊಂದು ಹನಿ ರಕ್ತ ತಾಗಿಸುತ್ತಾರೆ. ಹನಿ ಕಾಗದದ ಹಿಂಬದಿಯವರೆಗೂ ಇಳಿಯಬೇಕು. ಬಿಸಿಲಿಗೆ ಹಿಡಿಯದೆ ನೆರಳಿನಲ್ಲೇ ಒಣಗಿಸಬೇಕು. ಇಷ್ಟೇ ಕೆಲಸ. ಆದರೆ ಹಸಿ ಬಾಣಂತಿಯ ಮಗ್ಗುಲಲ್ಲಿ ಕುಳಿತ ಅಜ್ಜಿಗೆ ಅದೇ ಮೊದಲ ಸಲ ಕಂಡರೆ, "ಎಳೆ ಕೂಸಿನ ರಕ್ತ ತೆಗೆಯುವುದೇ? ಬೇಡವೇ ಬೇಡ" ಎಂದುಬಿಡುತ್ತಾಳೆ. ನೋವಿನಲ್ಲಿ, ನಿದ್ದೆಗೆಟ್ಟು ಮಲಗಿದ ತಾಯಿ ವಾದಿಸುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆಗೆ ಬಂದಾಗ, ಜೊತೆಗೆ ಬಂದ ಅತ್ತೆಯನ್ನೂ ಕೂಡಿಸಿಕೊಂಡು ಹೇಳಬೇಕು. ಸಾಧ್ಯವಾದರೆ ತವರಿನ ತಾಯಿಗೆ ಫೋನಿನಲ್ಲೇ ಹೇಳಬೇಕು, ಅವಳಿಗೆ ಮರಾಠಿ ಬರುವುದಾದರೆ ಮರಾಠಿಯಲ್ಲೇ.

ಅತ್ತೆಯಂದಿರಿಗೆ ನಾನು ಒತ್ತಿ ಹೇಳುವುದು ಥೈರಾಯ್ಡ್ ವಿಷಯ. ಭಾರತದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನಿನ ಕೊರತೆ ಇರುತ್ತದೆ. ಗರ್ಭದಲ್ಲಿ ತಾಯಿಯ ಹಾರ್ಮೋನು ಕಾಯುವುದರಿಂದ ಹುಟ್ಟಿದಾಗ ಕೂಸು ಚೆನ್ನಾಗಿಯೇ ಕಾಣುತ್ತದೆ. ಅಳುವುದು ಕಡಿಮೆ, ನಿದ್ದೆ ಹೆಚ್ಚು. "ಎಷ್ಟು ಶಾಂತ ಕೂಸು, ತಾಯಿಗೆ ತ್ರಾಸು ಕೊಡುವುದೇ ಇಲ್ಲ" ಎಂದು ಓಣಿಯೆಲ್ಲ ಹೊಗಳುತ್ತದೆ. ಆ ಶಾಂತಿಯೇ ಕೆಲವೊಮ್ಮೆ ರೋಗದ ಗುರುತು. ಲಕ್ಷಣ ಎದ್ದು ಕಾಣುವ ಹೊತ್ತಿಗೆ ಮಿದುಳಿನ ಬೆಳವಣಿಗೆಗೆ ಪೆಟ್ಟು ಬಿದ್ದಿರುತ್ತದೆ. ಎರಡು ವಾರದೊಳಗೆ ಔಷಧಿ ಶುರುವಾದರೆ ಅದೇ ಕೂಸು ಎಲ್ಲರಂತೆ ಬೆಳೆದು ಶಾಲೆಗೆ ಹೋಗುತ್ತದೆ. ಔಷಧಿಯೂ ದುಬಾರಿಯಲ್ಲ: ಪುಟ್ಟ ಮಾತ್ರೆಯನ್ನು ಪುಡಿ ಮಾಡಿ, ಸ್ವಲ್ಪ ಎದೆಹಾಲಿನಲ್ಲಿ ಕದಡಿ ದಿನಕ್ಕೊಮ್ಮೆ ಕುಡಿಸುವುದು.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರಿಗೆ ಇನ್ನೂ ಒಂದು ಮಾತು ಹೇಳಬೇಕಾಗುತ್ತದೆ. ದೇಹ ಆಹಾರವನ್ನು ಅರಗಿಸಿಕೊಳ್ಳುವ ಬಗೆಯಲ್ಲೇ ದೋಷವಿರುವ, ಇದೇ ಹನಿ ರಕ್ತದಲ್ಲಿ ಪತ್ತೆಹಚ್ಚಬಹುದಾದ ಕೆಲವು ಅಪರೂಪದ ಕಾಯಿಲೆಗಳಿವೆ. ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸಂಬಂಧದಲ್ಲಿ ಮದುವೆಯಾದರೆ ಹಾಗೆ ಕೂಡಿಬರುವ ಸಾಧ್ಯತೆ ಹೆಚ್ಚು. ಇದನ್ನು ಮೆಲ್ಲಗೆ ಹೇಳಬೇಕು. ಮದುವೆಯನ್ನು ಹಳಿದರೆ ಮುಂದಿನ ತಿಂಗಳು ಆಕೆ ಬರುವುದೇ ಇಲ್ಲ.

ಎಲ್ಲ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಅದಕ್ಕಿಂತ ಮುಖ್ಯವಾದದ್ದು ಫೋನ್ ನಂಬರು. ತಾಯಿ ಕಾರ್ಡಿನಲ್ಲಿ ಗಂಡನ ನಂಬರು ಇರುತ್ತದೆ, ಅವನು ಪುಣೆಯಲ್ಲೋ ಹೈದರಾಬಾದಿನಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾನೆ, ಅಲ್ಲಿಗೆ ಹೋದ ಮೇಲೆ ಸಿಮ್ ಬದಲಾಗಿರುತ್ತದೆ. ವರದಿ ಬಂದರೂ ಕೂಸಿಗೆ ತಲುಪುವುದಿಲ್ಲ. ಹೀಗಾಗಿ ತವರಿನ ನಂಬರನ್ನೂ ಕಾರ್ಡಿನ ಮೇಲೆ ಬರೆಸುತ್ತೇನೆ. ಫೋನ್ ಬಂದರೆ ರೋಗ ಬಂತೆಂದು ಅರ್ಥವಲ್ಲ, ಖಚಿತಪಡಿಸಿಕೊಳ್ಳಲು ಮತ್ತೊಂದು ಪರೀಕ್ಷೆ ಬೇಕೆಂದಷ್ಟೇ. ಆದರೆ ಅದಕ್ಕೆ ಅಮಾವಾಸ್ಯೆ ಕಳೆಯಲಿ ಎಂದು ಕಾಯದೆ ಮರುದಿನವೇ ಹೊರಡಬೇಕು ಎಂಬುದನ್ನೂ ಆಗಲೇ ಹೇಳಿ ಕಳಿಸುತ್ತೇನೆ.