ನಿಮ್ಮ ಲೇಖನದಲ್ಲಿ ಒಂದು ‘ಅಂತೆ’ ಬೇಕಿತ್ತು

ನಮಸ್ಕಾರ. ವೇಲ್ಸ್‌ನ ಬ್ರಖೈನಿಯೋಗ್ ರಾಜ್ಯದ ಬಗ್ಗೆ ನೀವು ಕಳಿಸಿದ ಲೇಖನ ನಿನ್ನೆ ರಾತ್ರಿ ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಸಿಟ್ಟು ಬಂದು, ಅದಕ್ಕೇ ‘ಸ್ವೀಕೃತ’ ‘ಅಸ್ವೀಕೃತ’ ಅಂತ ಒಂದು ಸಾಲು ಟೈಪ್ ಮಾಡಿ ಕಳಿಸೋ ಬದಲು ಇಷ್ಟುದ್ದ ಬರೀತಿದೀನಿ.

ವಿಷಯ ಒಳ್ಳೇದು, ಕನ್ನಡದಲ್ಲಿ ಇದನ್ನ ಮುಟ್ಟಿದೋರು ಕಡಿಮೆ. ಭಾಷೆ ಶುದ್ಧವಾಗಿದೆ, ಹೆಸರುಗಳನ್ನ ಅಲ್ಲಿನೋರು ಹೇಳೋ ಹಾಗೇ ಬರೆಯೋಕೆ ಕಷ್ಟಪಟ್ಟಿದೀರ, ಸಂತೋಷ. ನಾರ್ಮನ್ನರು ಬಂದ ಮೇಲಿನ ಭಾಗ ಸರಿಯಾಗಿದೆ, ಅದರ ಬಗ್ಗೆ ಏನೂ ಹೇಳಲ್ಲ. ನನಗೆ ಚುಚ್ಚಿದ್ದು ಎರಡು ಪ್ಯಾರಾ.

ಮೊದಲನೇದು ನಿಮ್ಮ ಆರಂಭ. “ಕ್ರಿ.ಶ. 450ರಲ್ಲಿ ಮಹಾರಾಜ ಬ್ರಖಾನನು ಬ್ರಖೈನಿಯೋಗ್ ರಾಜ್ಯವನ್ನು ಸ್ಥಾಪಿಸಿದನು. ಆತನಿಗೆ 24 ಹೆಣ್ಣುಮಕ್ಕಳಿದ್ದು ಅವರೆಲ್ಲರೂ ಸಂತರಾದರು.”

450 ಅಂತ ಯಾರು ಹೇಳಿದ್ದು? ಬ್ರಖಾನನ ಕಥೆ ನಮ್ಮ ಕೈಗೆ ಸಿಕ್ಕಿರೋದು ಹೆಚ್ಚುಕಡಿಮೆ 1200ರ ಹೊತ್ತಿಗೆ ನಕಲು ಮಾಡಿದ ಒಂದು ಲ್ಯಾಟಿನ್ ಹಸ್ತಪ್ರತಿಯಲ್ಲಿ. ಅವನು ಬದುಕಿದ್ದ ಅಂತ ಹೇಳೋ ಕಾಲಕ್ಕೂ ಈ ಹಾಳೆಗೂ ನಡುವೆ ಏಳು ನೂರು ವರ್ಷ ಇದೆ. ನಮ್ಮೂರ ದೇವಸ್ಥಾನದ ಸ್ಥಳಪುರಾಣದಲ್ಲಿ ಇರೋದನ್ನ ಯಾರಾದ್ರೂ ‘ಕ್ರಿ.ಶ. ಇಂತಿಷ್ಟರಲ್ಲಿ’ ಅಂತ ಶಾಸನದ ಥರ ಬರೆದ್ರೆ ನೀವೇ ಮೊದಲು ಜಗಳಕ್ಕೆ ಹೋಗ್ತೀರ ಅಂತ ನನ್ನ ನಂಬಿಕೆ, ವೇಲ್ಸ್‌ದು ಅಂದಾಕ್ಷಣ ಯಾಕೆ ಬಿಟ್ಟುಬಿಟ್ರಿ?

ಆಮೇಲೆ 24 ಹೆಣ್ಣುಮಕ್ಕಳು. ಈ ಲೆಕ್ಕವನ್ನ ಬರೆದಿಟ್ಟೋರಲ್ಲಿ ಒಬ್ಬ ವೇಲ್ಸ್‌ನ ಜೆರಾಲ್ಡ್. 1188ರಲ್ಲಿ ಆರ್ಚ್‌ಬಿಷಪ್ ಜೊತೆ ವೇಲ್ಸ್ ಪೂರ್ತಿ ಸುತ್ತಿದೋನು, ಅದೇ ಸೀಮೆಯ ಬ್ರೆಕನ್‌ನಲ್ಲೇ ಚರ್ಚ್ ಅಧಿಕಾರಿಯಾಗಿದ್ದೋನು, ಅಂದ್ರೆ ಆ ಮಣ್ಣಿನ ಕಥೆಗಳನ್ನ ಹತ್ತಿರದಿಂದ ಕೇಳಿದೋನು. ಅವನು ಏನು ಬರೀತಾನೆ ಗೊತ್ತಾ, ಬ್ರಿಟನ್ನರ ಇತಿಹಾಸಗಳು ಹಾಗೆ ಹೇಳ್ತವೆ ಅಂತ. ಅಂದ್ರೆ ಆ ಕಾಲದ ಪಾದ್ರಿಯೇ ತನ್ನ ಸಾಲಿಗೆ ಒಂದು ‘ಅಂತೆ’ ಸೇರಿಸಿದಾನೆ. ಅವನು ಸೇರಿಸಿದ ‘ಅಂತೆ’ ನೀವು ಕಿತ್ತುಹಾಕಿದೀರ. ಕನ್ನಡದಲ್ಲಿ ಎಂಥ ಪುಟ್ಟ ಪದ ಅದು, ‘24 ಹೆಣ್ಣುಮಕ್ಕಳಿದ್ದರಂತೆ’ ಅಂದ್ರೆ ಮುಗೀತು, ಹೇಳಿದ್ದು ಬೇರೆಯವರು ನಾನು ಕೇಳಿದ್ದು ಅಂತ ಓದುಗರಿಗೆ ತಿಳಿಯುತ್ತೆ. ಬರಹದ ಕನ್ನಡಕ್ಕೆ ಬಂದ ತಕ್ಷಣ ಈ ಪದ ಹಾಕಿದ್ರೆ ತೂಕ ಕಮ್ಮಿಯಾಗುತ್ತೆ ಅಂತ ಎಲ್ಲರಿಗೂ ಭಯ, ‘ಸ್ಥಾಪಿಸಿದನು’ ‘ಆದರು’ ಅಂತ ಗಟ್ಟಿ ದನಿಯಲ್ಲೇ ಹೇಳ್ಬೇಕು ಅಂತ ಹಠ.

ಈ ಭಯ ನನಗೂ ಇತ್ತು. ಇಪ್ಪತ್ತೆರಡನೇ ವಯಸ್ಸಿಗೆ ಒಂದು ತಾಲ್ಲೂಕು ವಾರಪತ್ರಿಕೆಗೆ ಸೇರಿದ್ದೆ, ಹತ್ತಿರದ ಹಳ್ಳಿಯ ಕೆರೆ ಬಗ್ಗೆ ಬರೆಯೋಕೆ ಕಳಿಸಿದ್ರು. ಏರಿ ಮೇಲೆ ಕೂತಿದ್ದ ಒಬ್ಬ ಅಜ್ಜಿ ಪೂರ್ತಿ ಕಥೆ ಹೇಳಿದ್ಲು, ಯಾರೋ ಪಾಳೇಗಾರ, ನಿಲ್ಲದ ಕಟ್ಟೆ, ಕೊನೆಗೆ ಒಂದು ಹರಕೆ. ನಾನು ಅದನ್ನ ನೀಟಾಗಿ ‘ಕಟ್ಟಿಸಿದನು’ ‘ಅರ್ಪಿಸಿದನು’ ಅಂತ ಬರೆದು ಅಚ್ಚಿಗೆ ಕೊಟ್ಟೆ. ಪೇಪರ್ ತಗೊಂಡು ಹಳ್ಳಿಗೆ ಹೋದಾಗ ಮೊಮ್ಮಗ ಆಗಲೇ ಓದಿ ಹೇಳಿದ್ದ, ಅಜ್ಜಿ ನನ್ನ ಮುಖ ನೋಡಿ ಕೇಳಿದ್ಲು, “ಇದನ್ನ ನಮ್ಮವ್ವ ರಾಗಿ ಬೀಸೋವಾಗ ಹೇಳ್ತಿದ್ಲು ಅಂದಿದ್ನಲ್ಲ, ನಮ್ಮವ್ವ ಎಲ್ಲಪ್ಪಾ ಇದರಲ್ಲಿ?” ಉತ್ತರ ಇರಲಿಲ್ಲ ನನ್ನ ಹತ್ರ. ತಪ್ಪು ಮಾಹಿತಿ ಬರೆದೆ ಅಂತ ಅವಳು ಬೈಲಿಲ್ಲ. ಹೇಳಿದೋಳನ್ನೇ ಅಳಿಸಿಬಿಟ್ಟೆ ಅಂತ ಅವಳ ಬೇಜಾರು. ಆವತ್ತಿಂದ ಯಾರ ಬರಹದಲ್ಲಾದ್ರೂ ಕಥೆ ಇದ್ದು ಕಥೆ ಹೇಳಿದೋರು ಇಲ್ಲ ಅಂದ್ರೆ ನನಗೆ ಆ ಏರಿ ನೆನಪಾಗುತ್ತೆ.

ಕಥೆ ಬಿಸಾಕಿ ಅಂತ ಮಾತ್ರ ನಾನು ಹೇಳ್ತಿಲ್ಲ. ನೀವು ಕೈಬಿಟ್ಟ ಒಂದು ಕಥೆ ಅದೇ ಹಸ್ತಪ್ರತಿಯಲ್ಲಿ ಇದೆ ನೋಡಿ. ರಾಜ ಟ್ಯೂಡ್ರಿಗ್ ಮಗಳು ಮಾರ್ಖೆಲ್‌ಗೆ ಚಳಿ ತಡೆಯೋಕೆ ತುಪ್ಪಳದ ಉಡುಪು ಬೇಕಿತ್ತಂತೆ, ಅದಕ್ಕೆ 300 ಆಳುಗಳ ಜೊತೆ ಐರ್ಲೆಂಡ್‌ಗೆ ಕಳಿಸಿದನಂತೆ, ದಾರಿಯಲ್ಲೇ ಚಳಿಗೆ ನೂರುಗಟ್ಟಲೆ ಜನ ಸತ್ತರಂತೆ, ಉಳಿದೋರು ಸಮುದ್ರ ದಾಟಿದ ಮೇಲೆ ಅವಳು ಅಲ್ಲಿನ ಅನ್ಲಾಖ್‌ನ ಮದುವೆಯಾಗಿ ಬ್ರಖಾನನ್ನ ಹೆತ್ತಳಂತೆ. ನಡೀತೋ ಬಿಡ್ತೋ, ಆದ್ರೆ ತಮ್ಮ ಮೂಲಪುರುಷನ ಅಪ್ಪ ಐರಿಷ್ ಅಂತ ಹೇಳ್ಕೊಳ್ಳೋಕೆ ಈ ಜನ ಇಷ್ಟಪಟ್ಟಿದ್ರು ಅನ್ನೋದು ನಿಜ, ಅದು ನಿಮ್ಮ ಎರಡನೇ ಪ್ಯಾರಾಗೆ ನೇರವಾಗಿ ಬೇಕಾಗಿತ್ತು.

ಆ ಎರಡನೇ ಪ್ಯಾರಾ. “ಸರೋವರದ ಮಧ್ಯದ ದ್ವೀಪದಲ್ಲಿ ರಾಜರ ಭವ್ಯ ಅರಮನೆಯು ಶತಮಾನಗಳ ಕಾಲ ಕಂಗೊಳಿಸುತ್ತಿತ್ತು. 916ರಲ್ಲಿ ಮರ್ಸಿಯಾದ ಸೈನ್ಯವು ಅದನ್ನು ನಾಶಪಡಿಸಿ ಹಲವರನ್ನು ಸೆರೆಹಿಡಿಯಿತು.”

ಒಂದೊಂದೇ ಪದ ತಗೊಳ್ಳಿ. ‘ಮಧ್ಯದ’: ಲ್ಯಾಂಗೋರ್ಸ್ ಕೆರೆಯ ಆ ಜಾಗ ಉತ್ತರ ದಡದಿಂದ ಸುಮಾರು 40 ಮೀಟರ್ ಅಷ್ಟೇ. ‘ದ್ವೀಪ’: ದೇವರು ಕೊಟ್ಟ ದ್ವೀಪ ಅಲ್ಲ ಅದು, ಕಲ್ಲು, ಸೌದೆ, ಪೊದೆ ಸುರಿದು ಸುತ್ತ ಓಕ್ ಹಲಗೆ ನೆಟ್ಟು ಮನುಷ್ಯರು ಮಾಡಿದ್ದು, ಕ್ರಾನೋಗ್ ಅಂತಾರೆ. ಐರ್ಲೆಂಡ್, ಸ್ಕಾಟ್ಲೆಂಡ್‌ನಲ್ಲಿ ಇಂಥವು ಬೇಕಾದಷ್ಟಿವೆ, ವೇಲ್ಸ್‌ನಲ್ಲಿ ಗೊತ್ತಿರೋದು ಇದೊಂದೇ. ನಮ್ಮ ಅಜ್ಜನ ಅಪ್ಪ ಐರಿಷ್ ಅನ್ನೋ ರಾಜಮನೆತನ ಐರಿಷ್ ರಾಜರ ಥರದ ನೀರುಮನೆ ಕಟ್ಟಿಕೊಂಡಿದೆ, ಈಗ ಆ ತುಪ್ಪಳದ ಕಥೆ ಯಾಕೆ ಬೇಕಿತ್ತು ಗೊತ್ತಾಯ್ತಲ್ಲ?

‘ಶತಮಾನಗಳ ಕಾಲ’: ಇಲ್ಲಿ ನನಗೆ ಪೆನ್ನು ಎಸೆಯೋ ಹಾಗಾಯ್ತು. ಆ ಓಕ್ ಮರಗಳ ಉಂಗುರ ಎಣಿಸಿ ನೋಡಿದಾರೆ, ಕಡಿದಿದ್ದು 889ರಿಂದ 893ರ ಒಳಗೆ. ಸುಟ್ಟಿದ್ದು 916ರಲ್ಲಿ. ಕಾಲು ಶತಮಾನ ಸ್ವಾಮಿ, ಆ ಹಲಗೆ ನೆಟ್ಟ ಹುಡುಗರಲ್ಲಿ ಕೆಲವರು ಅದು ಉರಿಯೋದನ್ನೂ ನೋಡಿರಬಹುದಾದಷ್ಟು ಕಡಿಮೆ ಕಾಲ. ‘ಶತಮಾನಗಳು’ ಅಂದ್ರೆ ವೈಭವ ಬರುತ್ತೆ ಅಂದ್ಕೊಂಡ್ರಿ, ಆದ್ರೆ ಹೊಟ್ಟೆ ಕಿವುಚೋದು ಆ 25 ವರ್ಷವೇ. ಇನ್ನೂ ಒಂದಿದೆ. ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ದೊರೆ ಆಲ್ಫ್ರೆಡ್ ಚರಿತ್ರೆಯನ್ನ ಆಸರ್ ಅನ್ನೋ ವೆಲ್ಷ್ ಪಾದ್ರಿ ಬರೆದಿದ್ದು 893ರಲ್ಲಿ, ಹೆಚ್ಚುಕಡಿಮೆ ಆ ಮರ ಕಡಿದ ವರ್ಷಗಳಲ್ಲೇ. ಬ್ರಖೈನಿಯೋಗ್‌ನ ರಾಜ ಎಲಿಸೆದ್, ಉತ್ತರ ವೇಲ್ಸ್‌ನ ರಾಜ ರೋದ್ರಿಯ ಮಕ್ಕಳ ಕಾಟ ತಡೀಲಾರದೆ ಆಲ್ಫ್ರೆಡ್ ಆಸರೆ ಕೇಳಿದ ಅಂತ ಅದರಲ್ಲಿದೆ. 916ರಲ್ಲಿ ಸೈನ್ಯ ಕಳಿಸಿದ್ದು ಎಥೆಲ್‌ಫ್ಲೆಡ್, ಮಧ್ಯ ಇಂಗ್ಲೆಂಡಿನ ಮರ್ಸಿಯನ್ನರ ಒಡತಿ, ಅದೇ ಆಲ್ಫ್ರೆಡ್ ಮಗಳು. ಅಪ್ಪನ ಹತ್ರ ರಕ್ಷಣೆ ಕೇಳಿದ ಮನೆಯನ್ನ ಮಗಳು ಸುಟ್ಟಳು. ಇದು ನಿಮ್ಮ ಲೇಖನದಲ್ಲಿ ಒಂದಕ್ಷರ ಇಲ್ಲ.

ಕೊನೇ ಪದ ‘ಹಲವರನ್ನು’. ಇಂಗ್ಲಿಷರು ವರ್ಷವರ್ಷದ ಘಟನೆ ಬರೆದಿಟ್ಟ ಆಂಗ್ಲೋ-ಸ್ಯಾಕ್ಸನ್ ವಾರ್ಷಿಕಿಯಲ್ಲಿ ‘ಹಲವರು’ ಅಂತ ಇಲ್ಲ. ಜೂನ್ 16ಕ್ಕೆ ಎಜ್‌ಬರ್ಟ್ ಅನ್ನೋ ಮಠಾಧಿಪತಿಯನ್ನ ಸಂಗಡಿಗರ ಸಮೇತ ಕೊಂದ್ರು, ಮೂರು ದಿನ ಬಿಟ್ಟು ಸೈನ್ಯ ಹೊರಡ್ತು, ಕೆರೆಮನೆ ಒಡೀತು, ರಾಜನ ಹೆಂಡತಿ ಸೇರಿ 34 ಜನರನ್ನ ಹಿಡೀತು. ಎಣಿಸಿದಾರೆ! ಶತ್ರುಗಳೇ ಎಣಿಸಿ ಬರೆದಿಟ್ಟಿದ್ದನ್ನ ನೀವು ‘ಹಲವರು’ ಅಂತ ಗುಡಿಸಿ ಹಾಕಿದೀರ. ಇಲ್ಲದ 450ಕ್ಕೆ ಅಷ್ಟು ನಿಖರತೆ, ಇರೋ 34ಕ್ಕೆ ಇಷ್ಟು ಉಡಾಫೆ, ಇದೇ ನೋಡಿ ನನಗೆ ರಾತ್ರಿ ನಿದ್ದೆ ಬರದ ಹಾಗೆ ಮಾಡಿದ್ದು.

ಅದೇ ಕೆಸರಲ್ಲಿ 1990ರಲ್ಲಿ ಒಂದು ಬಟ್ಟೆ ಸಿಕ್ತು. ನಾರುಬಟ್ಟೆ ಮೇಲೆ ರೇಷ್ಮೆ ಕಸೂತಿ, ಸಿಂಹ, ಹಕ್ಕಿ. ಬೆಂಕಿಗೆ ಕಪ್ಪಾಗಿ ನೀರಿಗೆ ಬಿದ್ದಿದ್ದಕ್ಕೇ ಉಳ್ಕೊಂಡಿದೆ. ಇದನ್ನ ಸೇರಿಸಿ, ಆದ್ರೆ ‘ರಾಣಿಯು ಧರಿಸಿದ್ದ’ ಅಂತ ಬರೆಯೋ ಆಸೆ ಬರುತ್ತೆ, ಬರೀಬೇಡಿ. ಅವಳ ಹೆಸರೂ ವಾರ್ಷಿಕಿಯಲ್ಲಿಲ್ಲ, ಬಟ್ಟೆನಾದ್ರೂ ಬಟ್ಟೆಯಾಗೇ ಇರಲಿ.

ಈ ಎರಡು ಪ್ಯಾರಾ ಮತ್ತೆ ಬರೆದು ಕಳಿಸಿ. ಜೂನ್ 16ರಿಂದ ಶುರು ಮಾಡಿ, ಬ್ರಖಾನ್ ಆಮೇಲೆ ಬರಲಿ, ಅವನ ಕಥೆ ಹೇಳಿದೋರ ಜೊತೆಗೇ ಬರಲಿ. ಉದ್ದ ಆಯ್ತು ಅಂತ ಚಿಂತೆ ಬೇಡ, ನಾರ್ಮನ್ ಭಾಗದಲ್ಲಿ ನಾನು ಜಾಗ ಮಾಡ್ಕೊಡ್ತೀನಿ.