ಡಿಎನ್‌ಎ ಮಾದರಿ ಕೊಟ್ಟರೆ ಅಣ್ಣ ಸತ್ತನೆಂದು ಒಪ್ಪಿಕೊಂಡಂತೆಯೇ?

ಪ್ರಶ್ನೆ: ಮೇಡಂ, ನನ್ನ ಅಣ್ಣ ಕಾಣೆಯಾಗಿ ಒಂಬತ್ತು ವರ್ಷವಾಯಿತು. ಗುರುತು ಸಿಗದ ಅವಶೇಷಗಳೊಂದಿಗೆ ಹೋಲಿಸಿ ನೋಡಲು ಮನೆಯವರ ಡಿಎನ್‌ಎ ಮಾದರಿ ಕೇಳಿದ್ದಾರೆ. ‘ಕೊಟ್ಟರೆ ಅವನು ಸತ್ತನೆಂದು ನಾನೇ ಬರೆದುಕೊಟ್ಟಂತೆ’ ಎನ್ನುತ್ತಾರೆ ಅಮ್ಮ. ಅವರನ್ನು ಒಪ್ಪಿಸುವುದು ಹೇಗೆ? ಅವರ ಬದಲು ಅತ್ತಿಗೆ ಕೊಟ್ಟರೆ ಆಗುವುದಿಲ್ಲವೇ?
– ಒಬ್ಬ ತಂಗಿ

ಉತ್ತರ: ಮೂಳೆಗಳಿಂದ ಗುರುತು ಹಚ್ಚುವುದೇ ನನ್ನ ವೃತ್ತಿ. ಆದರೂ ಮೊದಲು ನಿಮ್ಮ ಅಮ್ಮನ ಪರವಾಗಿಯೇ ಮಾತನಾಡುತ್ತೇನೆ. ಅರ್ಜೆಂಟೀನಾದಲ್ಲಿ ಸೇನಾಡಳಿತ 1983ರಲ್ಲಿ ಕೊನೆಗೊಂಡಾಗ, ಆ ಆಡಳಿತ ಹಿಡಿದೊಯ್ದು ಕಾಣೆಯಾಗಿಸಿದವರನ್ನು ಹುಡುಕಲು ಸಮಾಧಿಗಳನ್ನು ಅಗೆಯುವ ಕೆಲಸ ಶುರುವಾಯಿತು. ಮೊದಮೊದಲು ಯಂತ್ರಗಳಿಂದ ಅಡ್ಡಾದಿಡ್ಡಿ ಅಗೆದು ಮೂಳೆಗಳನ್ನು ಕಲಸಿಹಾಕಿದರು. 1984ರಲ್ಲಿ ಅಮೆರಿಕದ ತಜ್ಞ ಕ್ಲೈಡ್ ಸ್ನೋ ಅಲ್ಲಿಗೆ ಹೋಗಿ, ವಿದ್ಯಾರ್ಥಿಗಳ ಒಂದು ಸಣ್ಣ ಗುಂಪಿಗೆ ಈ ಕೆಲಸವನ್ನು ಶಿಸ್ತಾಗಿ ಕಲಿಸಿದರು. ಅರ್ಜೆಂಟೀನಾದ ಹೆಸರಾಂತ ವಿಧಿವಿಜ್ಞಾನ ಮಾನವಶಾಸ್ತ್ರ ತಂಡ ಹುಟ್ಟಿದ್ದು ಹಾಗೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರಲ್ಲೇ ಒಂದು ಗುಂಪು ಆ ಅಗೆತವನ್ನು ಕಟುವಾಗಿ ವಿರೋಧಿಸಿತು. ಜೀವಂತ ಕರೆದೊಯ್ದ ಮಕ್ಕಳನ್ನು ಜೀವಂತವಾಗಿಯೇ ತಂದುಕೊಡಿ ಎಂಬುದು ಅವರ ಹಟ. ಆ ಹಟವನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಸಾವಿನ ಸುದ್ದಿಯೇ ಬರದಿರುವಾಗ ಆಸೆ ಬಿಡು ಎಂದು ತಾಯಿಗೆ ಹೇಳುವ ಹಕ್ಕು ಯಾರಿಗಿದೆ?

ಆದ್ದರಿಂದ ಅವರನ್ನು ಒಪ್ಪಿಸಲು ಹೊರಡಬೇಡಿ. ಮಾದರಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿಸಿ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿಕೊಳ್ಳುತ್ತಾರೆ ಅಥವಾ ಒಂದೆರಡು ಹನಿ ರಕ್ತ ತೆಗೆಯುತ್ತಾರೆ. ಮಾದರಿ ಕೊಟ್ಟ ಮಾತ್ರಕ್ಕೆ ಯಾರೂ ಯಾರನ್ನೂ ಸತ್ತರೆಂದು ಘೋಷಿಸುವುದಿಲ್ಲ. ಹೊಂದಿಕೆಯಾಗದಿದ್ದರೆ, ಹೋಲಿಸಿ ನೋಡಿದ ಅವಶೇಷಗಳಲ್ಲಿ ನಿಮ್ಮ ಅಣ್ಣ ಇಲ್ಲ ಎಂದರ್ಥ. ಅವರು ಬದುಕಿದ್ದಾರೆ ಎಂಬುದಕ್ಕೆ ಅದು ಪುರಾವೆಯಾಗದು. ಇದನ್ನೂ ಮುಚ್ಚಿಡದೆ ಹೇಳಿಬಿಡಿ. ಮಾದರಿ ಯಾರ ವಶದಲ್ಲಿರುತ್ತದೆ, ಬೇರೆ ಯಾವುದಕ್ಕಾದರೂ ಬಳಸುತ್ತಾರೆಯೇ, ಬೇಡವೆನಿಸಿದಾಗ ವಾಪಸು ಪಡೆಯಬಹುದೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಉತ್ತರ ಕೊಡಲು ತಡಬಡಾಯಿಸುವವರಿಗೆ ಮಾದರಿ ಕೊಡುವ ಅಗತ್ಯವಿಲ್ಲ.

ಇನ್ನು ಅತ್ತಿಗೆಯ ವಿಚಾರ. ಗಂಡ ಹೆಂಡತಿಯದು ರಕ್ತಸಂಬಂಧವಲ್ಲವಾದ್ದರಿಂದ ಅವರೊಬ್ಬರ ಮಾದರಿ ಸಾಲದು. ಮಗುವಿದ್ದರೆ ಮಾತ್ರ ಲೆಕ್ಕ ಬೇರೆ. ಮಗುವಿನ ಡಿಎನ್‌ಎಯಲ್ಲಿ ತಾಯಿಯಿಂದ ಬಂದದ್ದನ್ನು ಗುರುತಿಸಿ ಬದಿಗಿಟ್ಟರೆ ಉಳಿಯುವುದು ತಂದೆಯದು. ಆಗ ಅತ್ತಿಗೆಯ ಮಾದರಿಗೂ ಬಹಳ ಬೆಲೆಯಿದೆ. ನೀವೂ ಕೊಡಬಹುದು. ತಾಯಿಯಿಂದ ಎಲ್ಲ ಮಕ್ಕಳಿಗೂ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ನಿಮ್ಮಲ್ಲೂ ಅಣ್ಣನಲ್ಲೂ ಒಂದೇ. ಆದರೆ ಒಬ್ಬ ತಂಗಿಯ ಮಾದರಿಯಿಂದ ಖಚಿತವಾಗಿ ಹೇಳುವುದು ಎಷ್ಟೋ ಸಲ ಕಷ್ಟ. ಬೇರೆ ಒಡಹುಟ್ಟಿದವರಿದ್ದರೆ ಅವರೂ ಕೊಡಲಿ. ಒಂದು ವಿನಂತಿ: ಅಮ್ಮನಿಗೆ ತಿಳಿಯದಂತೆ ಕೊಡಬೇಡಿ. ನಾಳೆ ಫಲಿತಾಂಶ ಬಂದರೆ ಅದನ್ನು ನಂಬಬೇಕಾದವರು ಅವರೇ.

ಪ್ರಶ್ನೆ: ಕಾಣೆಯಾದವರ ಕುಟುಂಬಗಳನ್ನು ಭೇಟಿಯಾಗುವ ಸ್ವಯಂಸೇವಕರ ತಂಡಕ್ಕೆ ಸೇರಿದ್ದೇನೆ. ಪ್ರಯೋಗಾಲಯವೇ ಎಲ್ಲವನ್ನೂ ಹೇಳುವಾಗ ಮನೆಗೆ ಹೋಗಿ ಅವರನ್ನು ಮತ್ತೆ ನೋಯಿಸಬೇಕೇ?
– ಪದವಿ ವಿದ್ಯಾರ್ಥಿ

ಉತ್ತರ: ಪ್ರಯೋಗಾಲಯ ಎಲ್ಲವನ್ನೂ ಹೇಳುವುದಿಲ್ಲ. ಸೊಂಟದ ಮೂಳೆಯಿಂದ ಗಂಡೋ ಹೆಣ್ಣೋ ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಕೊರಳೆಲುಬಿನ ಒಳತುದಿ ಕೂಡಿಕೊಳ್ಳುವುದು ಇಪ್ಪತ್ತರ ಹರೆಯದಲ್ಲಿ, ಬಹಳಷ್ಟು ಜನರಲ್ಲಿ ಅದರ ಕೊನೆಯ ವರ್ಷಗಳಲ್ಲಿ. ಅದು ಇನ್ನೂ ಕೂಡಿರದಿದ್ದರೆ ಎಳೆಯ ಜೀವವೆಂದು ಹೇಳಬಹುದು. ಅಲ್ಲಿಂದ ಮುಂದೆ ವಯಸ್ಸಿನ ಅಂದಾಜು ಸಡಿಲವಾಗುತ್ತಾ ಹೋಗುತ್ತದೆ. ತೊಡೆಯ ಮೂಳೆ ಅಳೆದು ಎತ್ತರ ಹೇಳುವಾಗಲೂ ಕೆಲವು ಸೆಂಟಿಮೀಟರ್ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ‘ಮೂವತ್ತೈದರಿಂದ ಐವತ್ತರ ನಡುವಿನ ಗಂಡಸು, ಎಡ ಮುಂಗೈ ಮುರಿದು ಕೂಡಿದೆ’ ಎಂದು ನಾನು ಬರೆದಿಡಬಲ್ಲೆ. ಹುಡುಗನಿದ್ದಾಗ ಮರದಿಂದ ಬಿದ್ದು ಕೈ ಮುರಿದುಕೊಂಡವನು ಯಾರು ಎಂಬುದು ಅವನ ಅಕ್ಕನಿಗೆ ಗೊತ್ತು.

ಹಾಗಾಗಿ ಕೇಳಲೇಬೇಕು. ಯಾವ ಕೈಯ ಬಳಕೆ ಹೆಚ್ಚು, ಕುಂಟು ಇತ್ತೇ, ಯಾವ ಹಲ್ಲು ಕಿತ್ತಿಸಿದ್ದರು, ಎಕ್ಸ್‌ರೇ ಏನಾದರೂ ಉಳಿದಿದೆಯೇ ಎಂದು ವಿಚಾರಿಸಿ. ಗುರುತಿನ ಚೀಟಿಯ ಬಿಗಿದ ತುಟಿಯ ಫೋಟೋಕ್ಕಿಂತ ಹಲ್ಲು ಕಾಣುವಂತೆ ನಕ್ಕ ಫೋಟೋ ನಮಗೆ ಹೆಚ್ಚು ಉಪಯೋಗ. ಆದರೆ ಫಾರಂ ಹಿಡಿದುಕೊಂಡೇ ಒಳಗೆ ಹೋಗಬೇಡಿ. ಕಾಣೆಯಾದವರ ಬಗ್ಗೆ ಮನೆಯವರಿಗೆ ಹೇಳಬೇಕೆನಿಸಿದ್ದನ್ನು ಮೊದಲು ಕೇಳಿಸಿಕೊಳ್ಳಿ. ‘ಖಂಡಿತ ಹುಡುಕಿಕೊಡುತ್ತೇವೆ’ ಎಂಬ ಮಾತು ಬಾಯಿಂದ ಬರಲೇಬಾರದು. ಹೊಸ ಸುದ್ದಿ ಇಲ್ಲದಿದ್ದರೂ, ಇಲ್ಲವೆಂದು ಹೇಳುವುದಕ್ಕಾದರೂ ಮತ್ತೆ ಹೋಗಿ. ಒಮ್ಮೆ ಮಾದರಿ ತೆಗೆದುಕೊಂಡು ಹೋದವರು ಮತ್ತೆ ಮುಖ ತೋರಿಸದಿರುವುದಕ್ಕಿಂತ ದೊಡ್ಡ ಅವಮಾನ ಆ ಮನೆಗಳಿಗೆ ಇನ್ನೊಂದಿಲ್ಲ.

ಬೋಸ್ನಿಯಾದ ಸ್ರೆಬ್ರೆನಿಟ್ಸಾದಲ್ಲಿ 1995ರ ಜುಲೈನಲ್ಲಿ ಸುಮಾರು 8,000 ಗಂಡಸರು ಮತ್ತು ಹುಡುಗರನ್ನು ಕೊಂದರು. ಕೃತ್ಯ ಮುಚ್ಚಿಡಲು ಆಮೇಲೆ ಸಾಮೂಹಿಕ ಸಮಾಧಿಗಳನ್ನು ಯಂತ್ರಗಳಿಂದ ಅಗೆದು ಅವಶೇಷಗಳನ್ನು ಬೇರೆಡೆಗೆ ಸಾಗಿಸಿದರು. ಒಬ್ಬನೇ ವ್ಯಕ್ತಿಯ ಮೂಳೆಗಳು ಹಲವು ಗುಂಡಿಗಳಲ್ಲಿ ಸಿಕ್ಕವು. 2001ರಿಂದ ಸಂಬಂಧಿಕರ ರಕ್ತದ ಮಾದರಿಗಳೊಂದಿಗೆ ಡಿಎನ್‌ಎ ಹೋಲಿಸಿ ಸಾವಿರಾರು ಜನರನ್ನು ಗುರುತಿಸಲಾಯಿತು. ಆದರೆ ಸಿಕ್ಕಷ್ಟನ್ನೇ ಮಣ್ಣು ಮಾಡುವುದೇ, ಉಳಿದದ್ದಕ್ಕೆ ಕಾಯುವುದೇ ಎಂಬ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಕೊಡಲಿಲ್ಲ. ನಿಮ್ಮ ಕೆಲಸದಲ್ಲೂ ಇದು ಎದುರಾಗಬಹುದು. ಮುಂದೆ ಇನ್ನಷ್ಟು ಅವಶೇಷ ಸಿಕ್ಕರೆ ಪ್ರತಿ ಸಲ ತಿಳಿಸಬೇಕೇ ಬೇಡವೇ, ತಿಳಿಸುವುದಾದರೆ ಮನೆಯಲ್ಲಿ ಯಾರಿಗೆ ಎಂದು ಕುಟುಂಬದವರನ್ನೇ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಮನಸ್ಸು ಬದಲಾಗಬಹುದು; ಮುಂದಿನ ಭೇಟಿಯಲ್ಲಿ ಇನ್ನೊಮ್ಮೆ ಕೇಳಿ.