ಗೆದ್ದವನ ಪುಸ್ತಕ ಆಮೇಲೆ, ಪಕ್ಕದ ಸೀಟಿನವನ ಬರಹ ಮೊದಲು

ನೀವು ಕೇಳಿದ್ದು ಇಷ್ಟು: ಫಾರ್ಮುಲಾ ಒನ್ ನೋಡುವ ಹುಚ್ಚು ಹೊಸದಾಗಿ ಹಿಡಿದಿದೆ, ಹಳೆ ಕಾಲದ ರೇಸು, ಡ್ರೈವರ್‌ಗಳ ಬಗ್ಗೆ ಓದಬೇಕು, ಚಾಂಪಿಯನ್‌ಗಳ ಆತ್ಮಕಥೆಯಿಂದ ಶುರು ಮಾಡಿದರೆ ಸರಿಹೋಗುತ್ತಾ?

ನನ್ನ ಕೇಳಿದರೆ, ಬೇಡ. ನಾನೂ ಹಾಗೇ ಶುರು ಮಾಡಿದ್ದೆ. ಮೂರನೇ ಪುಸ್ತಕಕ್ಕೇ ಸುಸ್ತಾದೆ. ಅಪ್ಪ ಗೋ-ಕಾರ್ಟ್ ಕೊಡಿಸಿದ್ದು, ಮೊದಲ ಗೆಲುವು, ತಂಡದವರ ಜೊತೆ ಜಗಳ, ಕೊನೆಗೆ ಎಲ್ಲರಿಗೂ ಥ್ಯಾಂಕ್ಸ್. ಹೆಸರು ಬದಲಾಯಿಸಿದರೆ ಒಂದನ್ನು ಇನ್ನೊಂದರ ಮುಖಪುಟಕ್ಕೆ ಅಂಟಿಸಬಹುದು. ಗೆದ್ದವನಿಗೆ ಗೆದ್ದದ್ದು ನೆನಪಿರುತ್ತದೆ. ಹೇಗಿತ್ತು ಅನ್ನೋದು ಪಕ್ಕದಲ್ಲಿ ಕೂತವನಿಗೆ, ಟಯರ್ ಬಿಚ್ಚಿದವನಿಗೆ ಜಾಸ್ತಿ ನೆನಪಿರುತ್ತದೆ.

ಈ ಅಭಿಪ್ರಾಯ ಬಂದದ್ದು ಪುಸ್ತಕದಿಂದಲ್ಲ. ಚಿಕ್ಕಮಗಳೂರಿನ ಹತ್ತಿರ ನಮ್ಮ ಸೋದರಮಾವನ ಮನೆ. ಅಲ್ಲಿ ಕಾಫಿ ತೋಟದೊಳಗಿನ ಮಣ್ಣು ರಸ್ತೆಗಳಲ್ಲಿ ಕಾರ್ ರ‍್ಯಾಲಿ ನಡೆಯುತ್ತಿತ್ತು. ಒಂದು ವರ್ಷ ಮಾವ ರೇಸಿನ ದಾರಿ ಕಾಯುವ ಮಾರ್ಷಲ್ ಕೆಲಸಕ್ಕೆ ಹೋದವರು ನನ್ನನ್ನೂ ಕರಕೊಂಡು ಹೋಗಿದ್ದರು. ಬೆಳಗಿನ ಚಳಿ, ಸ್ವೆಟರ್ ಹಾಕಿಕೊಂಡು ಸಿಲ್ವರ್ ಮರದ ಕೆಳಗೆ ನಿಂತಿದ್ದೆ. ಎಲ್ಲರೂ ಡ್ರೈವರ್‌ನನ್ನು ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಪಕ್ಕದ ಸೀಟಿನ ನ್ಯಾವಿಗೇಟರ್ ಮೇಲೆ. ತೊಡೆ ಮೇಲೆ ಸ್ಪೈರಲ್ ನೋಟ್‌ಬುಕ್, ಪುಟ ಹಾರಬಾರದು ಅಂತ ರಬ್ಬರ್ ಬ್ಯಾಂಡ್. ಸ್ಟಾರ್ಟ್ ಗೆರೆಯಲ್ಲೂ ಪೆನ್ಸಿಲ್ ಹಿಡಿದು ಏನೋ ತಿದ್ದುತ್ತಿದ್ದ. ಕಾರು ಹೊರಟ ಮೇಲೆ ಆಸಾಮಿ ರಸ್ತೆ ನೋಡಲೇ ಇಲ್ಲ. ತಲೆ ತಗ್ಗಿಸಿ ಓದುತ್ತಲೇ ಧೂಳಿನೊಳಗೆ ಮಾಯವಾದ. ಅವನಿಗೆ ಭಯ ಆಗಲ್ವಾ ಮಾವ ಅಂತ ಕೇಳಿದೆ. "ಮುಂದಿನ ತಿರುವು ಓದಬೇಕಲ್ಲಪ್ಪ, ಭಯಪಡೋಕೆ ಪುರುಸೊತ್ತೆಲ್ಲಿ" ಅಂದರು.

ಎಷ್ಟೋ ವರ್ಷದ ಮೇಲೆ ಡೆನಿಸ್ ಜೆಂಕಿನ್ಸನ್ ಬರೆದದ್ದು ಕೈಗೆ ಸಿಕ್ಕಿತು. ಅದನ್ನೇ ನೀವು ಮೊದಲು ಓದಿ ಅನ್ನುತ್ತೇನೆ. ಅದು ಪುಸ್ತಕ ಕೂಡ ಅಲ್ಲ, 1955ರ ಜೂನ್‌ನಲ್ಲಿ 'ಮೋಟಾರ್ ಸ್ಪೋರ್ಟ್' ಅನ್ನೋ ಇಂಗ್ಲೆಂಡಿನ ಪತ್ರಿಕೆಯಲ್ಲಿ ಬಂದ ಲೇಖನ. ಆ ಪತ್ರಿಕೆಯ ಹಳೆ ಸಂಚಿಕೆಗಳು ನೆಟ್‌ನಲ್ಲೇ ಇವೆ, ಸಿಗುತ್ತದೆ.

ಇಟಲಿಯಲ್ಲಿ ಮಿಲ್ಲೆ ಮಿಲ್ಯಾ ಅಂತ ಒಂದು ರೇಸು ಇತ್ತು. ಬ್ರೆಷಾ ಊರಿನಿಂದ ಹೊರಟು, ರೋಮ್‌ವರೆಗೆ ಹೋಗಿ, ಬೆಟ್ಟ ಹತ್ತಿ ಇಳಿದು ವಾಪಸ್ ಬ್ರೆಷಾಕ್ಕೆ. ಸುಮಾರು 1600 ಕಿಲೋಮೀಟರ್, ಎಲ್ಲ ಜನ ಓಡಾಡುವ ರಸ್ತೆ. 1955ರಲ್ಲಿ ಮರ್ಸಿಡಿಸ್ 300 ಎಸ್‌ಎಲ್‌ಆರ್ ಓಡಿಸಿದವರು ಸ್ಟರ್ಲಿಂಗ್ ಮಾಸ್. ಪಕ್ಕದಲ್ಲಿ ಈ ಜೆಂಕಿನ್ಸನ್, ಗಡ್ಡದ ಕುಳ್ಳ ಪತ್ರಕರ್ತ. ಬರೀ ಪತ್ರಕರ್ತ ಅಂದುಕೊಳ್ಳಬೇಡಿ. 1949ರಲ್ಲಿ ಎರಿಕ್ ಆಲಿವರ್ ಜೊತೆ ಸೈಡ್‌ಕಾರ್ ಬೈಕ್ ರೇಸಿನಲ್ಲಿ ವಿಶ್ವ ಚಾಂಪಿಯನ್ ಆದವರು, ಅಲ್ಲೂ ಪಕ್ಕದಲ್ಲಿ ಕೂತೇ!

ಮೊದಲೇ ಆ ದಾರಿಯಲ್ಲಿ ಹಲವು ಸಲ ಓಡಾಡಿ, ಎಲ್ಲಿ ತಿರುವು, ಎಲ್ಲಿ ದಿಬ್ಬ, ಯಾವ ದಿಬ್ಬವನ್ನು ಕಾಲು ಎತ್ತದೆ ಹಾರಿಸಬಹುದು ಅಂತ ಬರೆದಿಟ್ಟುಕೊಂಡರು. ಎಲ್ಲವನ್ನೂ ಒಂದೇ ಕಾಗದದ ಸುರುಳಿಗೆ ಇಳಿಸಿದಾಗ ಉದ್ದ 18 ಅಡಿ ಆಯಿತು. ಆ ಸುರುಳಿಯನ್ನು ಪಾರದರ್ಶಕ ಕಿಟಕಿ ಇರುವ ಲೋಹದ ಪೆಟ್ಟಿಗೆಯಲ್ಲಿಟ್ಟು, ಕೈಯಲ್ಲಿ ತಿರುಗಿಸುತ್ತಾ ಓದುವುದು. ಮೇಲೆ ಚಾವಣಿ ಇಲ್ಲದ ಕಾರು, ಆ ಗದ್ದಲದಲ್ಲಿ ಮಾತು ಕೇಳಲ್ಲ. ಹಾಗಾಗಿ ಕೈಸನ್ನೆ. ಎದುರಿಗೆ ದಿಬ್ಬ, ಆಚೆಗೆ ಏನಿದೆ ಅಂತ ಕಾಣಲ್ಲ, ವೇಗ ಗಂಟೆಗೆ 270 ಕಿಲೋಮೀಟರ್ ಹತ್ತಿರ. ಈ ಪುಣ್ಯಾತ್ಮ ಪೆಟ್ಟಿಗೆ ನೋಡಿ 'ನೇರ ಇದೆ, ಹೊಡಿ' ಅಂತ ಕೈ ಆಡಿಸುತ್ತಾನೆ. ಮಾಸ್ ಕಾಲು ಎತ್ತಲ್ಲ. ಕಾರು ನೆಲ ಬಿಟ್ಟು ಹಾರುತ್ತದೆ. ಆ ಜಾಗ ಓದುವಾಗ ನನ್ನ ಬಲಗಾಲು ತಾನಾಗಿ ನೆಲ ಒತ್ತಿತ್ತು, ಬ್ರೇಕ್ ಹುಡುಕುತ್ತಾ.

10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರ್ ದಾಟಿತ್ತು. ಎರಡನೆಯವರಾಗಿ ಬಂದ, ಅರ್ಜೆಂಟಿನಾದ ಚಾಂಪಿಯನ್ ಫ್ಯಾಂಜಿಯೋ ಅರ್ಧ ಗಂಟೆಗೂ ಹಿಂದೆ. ಅವರು ಒಬ್ಬರೇ ಓಡಿಸಿದ್ದರು, ಪಕ್ಕದ ಸೀಟು ಖಾಲಿ!

ಸುರುಳಿ ಮಾಡುವ ಯೋಚನೆಯಲ್ಲಿ ಜಾನ್ ಫಿಚ್ ಅನ್ನೋ ಅಮೆರಿಕನ್ ಡ್ರೈವರ್‌ನ ಪಾಲೂ ಇತ್ತು. ಆ ಮಿಲ್ಲೆ ಮಿಲ್ಯಾ ನಡೆದದ್ದು ಮೇ 1ರಂದು. ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಯ ರೇಸಿನಲ್ಲಿ ಅದೇ ಮಾದರಿಯ ಮರ್ಸಿಡಿಸ್ ಓಡಿಸುವ ಸರದಿಗೆ ಇದೇ ಫಿಚ್ ಕಾಯುತ್ತಿದ್ದಾಗ, ಜೊತೆಗಾರ ಪಿಯರ್ ಲೆವೆಗ್ ಓಡಿಸುತ್ತಿದ್ದ ಕಾರು ಇನ್ನೊಂದು ಕಾರಿಗೆ ತಾಗಿ, ಹಾರಿ, ಚೂರುಚೂರಾಗಿ ಜನರ ಮೇಲೆ ಬಿತ್ತು. 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಆ ವರ್ಷದ ಕೊನೆಗೆ ಮರ್ಸಿಡಿಸ್ ರೇಸನ್ನೇ ಬಿಟ್ಟಿತು. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಟ್ರ್ಯಾಕ್ ರೇಸುಗಳನ್ನು ನಿಷೇಧಿಸಿತು. ಜೆಂಕಿನ್ಸನ್ ಲೇಖನ ಓದಿ ಖುಷಿಪಟ್ಟ ಮೇಲೆ ಇದನ್ನೂ ನೆನಪಿಟ್ಟುಕೊಳ್ಳಿ. ಆ ಕಾಲದ ಒಳ್ಳೆಯ ಪುಸ್ತಕ ಯಾವುದನ್ನೇ ತೆಗೆದರೂ ಈ ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ.

ಆಮೇಲೆ ಒಂದೇ ರೇಸಿನ ಬಗ್ಗೆ ಬರೆದ ಪುಸ್ತಕ. ರಿಚರ್ಡ್ ವಿಲಿಯಮ್ಸ್ ಅವರ 'ದಿ ಲಾಸ್ಟ್ ರೋಡ್ ರೇಸ್'. 1957ರ ಆಗಸ್ಟ್‌ನಲ್ಲಿ ಇಟಲಿಯ ಪೆಸ್ಕಾರಾದಲ್ಲಿ ನಡೆದ ಗ್ರ್ಯಾಂಡ್ ಪ್ರಿ ರೇಸಿನ ಕಥೆ. ಒಂದು ಲ್ಯಾಪ್ 25 ಕಿಲೋಮೀಟರಿಗೂ ಜಾಸ್ತಿ. ಈಗಿನ ಫಾರ್ಮುಲಾ ಒನ್ ಟ್ರ್ಯಾಕ್‌ಗಳಲ್ಲಿ ಅತಿ ಉದ್ದದ್ದು ಬೆಲ್ಜಿಯಂನ ಸ್ಪಾ, ಅದೇ ಬರೀ 7 ಕಿಲೋಮೀಟರ್. ಊರೊಳಗಿಂದ ಹೊರಟು, ಬೆಟ್ಟದ ಹಳ್ಳಿಗಳನ್ನು ಹಾದು, ಸಮುದ್ರದ ಬದಿಗೆ ಇಳಿದು, ನೇರ ರಸ್ತೆಯಲ್ಲಿ ವಾಪಸ್. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಮಿಲ್ಲೆ ಮಿಲ್ಯಾದಲ್ಲಿ ಸ್ಪೇನಿನ ಡ್ರೈವರ್ ಡಿ ಪೋರ್ಟಾಗೋ ಓಡಿಸುತ್ತಿದ್ದ ಫೆರಾರಿಯ ಟಯರ್ ಒಡೆದು, ಅವನು, ಅವನ ಪಕ್ಕ ಕೂತಿದ್ದ ಎಡ್ಮಂಡ್ ನೆಲ್ಸನ್, ರಸ್ತೆ ಬದಿಯ ಒಂಬತ್ತು ಜನ ಸತ್ತಿದ್ದರು. ಒಂಬತ್ತರಲ್ಲಿ ಐದು ಮಕ್ಕಳು. ಮಿಲ್ಲೆ ಮಿಲ್ಯಾ ಅಲ್ಲಿಗೇ ನಿಂತಿತು. ಆ ನೆರಳಿನಲ್ಲೇ ಪೆಸ್ಕಾರಾ ನಡೆಯಿತು. ಗೆದ್ದವರು ಮಾಸ್. ಪುಸ್ತಕ ಸಣ್ಣದು, ಒಂದು ಭಾನುವಾರ ಸಾಕು.

ಡ್ರೈವರ್‌ಗಳ ಬದುಕೇ ಬೇಕು ಅಂದರೆ ಕ್ರಿಸ್ ನಿಕ್ಸನ್ ಅವರ 'ಮಾನ್ ಅಮಿ ಮೇಟ್'. ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್, ಇಬ್ಬರೂ ಇಂಗ್ಲೆಂಡಿನವರು, ಫೆರಾರಿ ತಂಡದ ಜೊತೆಗಾರರು, ಜೀವದ ಗೆಳೆಯರು. ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಿದ್ದರಂತೆ, ಅದೇ ಪುಸ್ತಕದ ಹೆಸರು. ನಮ್ಮ ಕಡೆ 'ಮಗಾ' ಅಂತೀವಲ್ಲ, ಹಾಗೆ. 1956ರಲ್ಲಿ ಇಟಲಿಯ ಮೊಂಜಾ ಟ್ರ್ಯಾಕ್‌ನಲ್ಲಿ ಕಾಲಿನ್ಸ್‌ಗೂ ಚಾಂಪಿಯನ್ ಆಗುವ ಅವಕಾಶ ಇನ್ನೂ ಇತ್ತು. ಫ್ಯಾಂಜಿಯೋ ಕಾರು ಕೈಕೊಟ್ಟಾಗ ತನ್ನ ಕಾರಿನಿಂದ ಇಳಿದು ಅದನ್ನು ಅವರಿಗೆ ಕೊಟ್ಟ. ಆಗ ರೇಸಿನ ಮಧ್ಯೆ ಕಾರು ಹಂಚಿಕೊಳ್ಳಬಹುದಿತ್ತು. ಈಗ ಯಾರಾದರೂ ಕೊಡ್ತಾರಾ? 1958ರ ಆಗಸ್ಟ್‌ನಲ್ಲಿ ಕಾಲಿನ್ಸ್ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಹಾಥಾರ್ನ್ ಕಣ್ಣೆದುರೇ ದಾರಿ ತಪ್ಪಿ ಸತ್ತ. ಆ ವರ್ಷ ಹಾಥಾರ್ನ್ ಒಂದೇ ಅಂಕದಿಂದ ಮಾಸ್ ಅವರನ್ನು ಹಿಂದೆ ಹಾಕಿ ಚಾಂಪಿಯನ್ ಆದ. ಮಾಸ್ ನಾಲ್ಕು ರೇಸು ಗೆದ್ದಿದ್ದರು, ಹಾಥಾರ್ನ್ ಒಂದೇ ಒಂದು. ಅದಕ್ಕಿಂತ ದೊಡ್ಡ ತಮಾಷೆ ಪೋರ್ಚುಗಲ್‌ನದು. ಅಲ್ಲಿ ಹಾಥಾರ್ನ್‌ನನ್ನು ಅನರ್ಹ ಮಾಡಲು ಹೊರಟಾಗ ಅವನ ಪರವಾಗಿ ಸಾಕ್ಷಿ ಹೇಳಿ ಅಂಕ ಉಳಿಸಿಕೊಟ್ಟವರು ಇದೇ ಮಾಸ್! ಗೆದ್ದ ಹಾಥಾರ್ನ್ ರೇಸು ಬಿಟ್ಟುಬಿಟ್ಟ. ಮೂರು ತಿಂಗಳು ಕಳೆದು, 1959ರ ಜನವರಿಯಲ್ಲಿ, ಗಿಲ್ಡ್‌ಫರ್ಡ್ ಹತ್ತಿರ ಸಾಮಾನ್ಯ ರಸ್ತೆಯಲ್ಲಿ ತನ್ನದೇ ಜಾಗ್ವಾರ್ ಅಪಘಾತದಲ್ಲಿ ಹೋದ. 29 ವರ್ಷ.

ಈ ಪುಸ್ತಕದ ನನ್ನ ಪ್ರತಿಯನ್ನು ಒಬ್ಬ ಗೆಳೆಯ ಒಯ್ದಿದ್ದಾನೆ. ನಾಲ್ಕು ವರ್ಷ ಆಯಿತು. ಕೇಳಿದಾಗಲೆಲ್ಲ ಅರ್ಧ ಓದಿದ್ದೀನಿ ಅಂತಾನೆ. ಗೆಳೆತನದ ಪುಸ್ತಕಕ್ಕಾಗಿ ಗೆಳೆತನ ಕೆಡಿಸಿಕೊಳ್ಳೋದು ಬೇಡ ಅಂತ ಸುಮ್ನಿದ್ದೀನಿ.

ಮೈಕಲ್ ಕ್ಯಾನೆಲ್ ಅವರ 'ದಿ ಲಿಮಿಟ್' ಕೂಡ ಇದೇ ಜಾತಿಯದು, ಆದರೆ ಕಾದಂಬರಿಯಂತೆ ಓಡುತ್ತದೆ, ಸ್ವಲ್ಪ ಬಣ್ಣ ಜಾಸ್ತಿ. 1961ರಲ್ಲಿ ಫೆರಾರಿಯ ಫಿಲ್ ಹಿಲ್ ಮತ್ತು ಫಾನ್ ಟ್ರಿಪ್ಸ್ ನಡುವೆ ಚಾಂಪಿಯನ್ ಪೈಪೋಟಿ. ಮೊಂಜಾದಲ್ಲಿ ಟ್ರಿಪ್ಸ್ ಸತ್ತ, ಪ್ರೇಕ್ಷಕರೂ ಸತ್ತರು, ಹಿಲ್ ಚಾಂಪಿಯನ್ ಆದ. ಮುಂದಿನ ರೇಸು ಅಮೆರಿಕದಲ್ಲಿ, ಹಿಲ್ ತಾಯ್ನಾಡಿನ ಜನರ ಎದುರು. ಫೆರಾರಿ ತಂಡವನ್ನೇ ಕಳಿಸಲಿಲ್ಲ.

ಇನ್ನೂ ಹಿಂದಿನ ಕಾಲಕ್ಕೆ ಹೋಗಬೇಕಾದರೆ ನೀಲ್ ಬ್ಯಾಸ್ಕಂಬ್ ಅವರ 'ಫಾಸ್ಟರ್'. ಹಿಟ್ಲರ್ ಸರ್ಕಾರದ ಬೆಂಬಲವಿದ್ದ ಮರ್ಸಿಡಿಸ್ ಕಾರನ್ನು 1938ರಲ್ಲಿ ಫ್ರಾನ್ಸಿನ ಪೋ ಊರಿನಲ್ಲಿ ರೆನೆ ಡ್ರೇಫಸ್ ಅನ್ನೋ ಯಹೂದಿ ಮೂಲದ ಡ್ರೈವರ್ ಸೋಲಿಸಿದ. ಅವನದು ಡೆಲಾಹೇ ಕಾರು, ಶಕ್ತಿಯಲ್ಲಿ ಮರ್ಸಿಡಿಸ್‌ಗೆ ಸಾಟಿಯೇ ಅಲ್ಲ. ಆದರೆ ಪೆಟ್ರೋಲ್ ಕಮ್ಮಿ ಕುಡಿಯುತ್ತಿತ್ತು. ಮರ್ಸಿಡಿಸ್ ತುಂಬಿಸಿಕೊಳ್ಳಲು ನಿಂತಿತು, ಇವನು ನಿಲ್ಲಲೇ ಇಲ್ಲ. ಮೈಲೇಜ್ ಕೊಟ್ಟು ರೇಸು ಗೆಲ್ಲೋದು ಅಂದರೆ ನಮ್ಮವರಿಗೆ ತಕ್ಷಣ ಅರ್ಥ ಆಗುತ್ತೆ, ಅಲ್ವಾ? ಆ ತಂಡಕ್ಕೆ ದುಡ್ಡು ಹಾಕಿದಾಕೆ ಲೂಸಿ ಶೆಲ್. ಆಕೆಯ ಮಗ ಹ್ಯಾರಿ ಶೆಲ್ ಮೇಲೆ ಹೇಳಿದ ಪೆಸ್ಕಾರಾ ರೇಸಿನಲ್ಲಿ ಮೂರನೆಯವನಾಗಿ ಬಂದ. ಹೀಗೆ ಒಂದು ಪುಸ್ತಕದವರು ಇನ್ನೊಂದರಲ್ಲಿ ನೆಂಟರ ಹಾಗೆ ಬಂದು ಹೋಗುತ್ತಿರುತ್ತಾರೆ.

ಹೆಣ್ಣುಮಕ್ಕಳ ಕಥೆ ಬೇಕಿದ್ದರೆ ಮಿರಾಂಡಾ ಸೆಮೋರ್ ಬರೆದ 'ದಿ ಬುಗಾಟಿ ಕ್ವೀನ್'. ಪ್ಯಾರಿಸ್‌ನಲ್ಲಿ ಡ್ಯಾನ್ಸರ್ ಆಗಿದ್ದ ಎಲ್ಲೆ ನೀಸ್ 1929ರಲ್ಲಿ ಬುಗಾಟಿ ಹತ್ತಿ ವೇಗದ ದಾಖಲೆ ಮಾಡಿದಳು. 1936ರಲ್ಲಿ ಬ್ರೆಜಿಲ್‌ನಲ್ಲಿ ಭೀಕರ ಅಪಘಾತ, ಹೇಗೋ ಬದುಕಿದಳು. 1949ರಲ್ಲಿ ಹೆಸರಾಂತ ಡ್ರೈವರ್ ಲೂಯಿ ಶಿರೋನ್ ತುಂಬಿದ ಪಾರ್ಟಿಯಲ್ಲಿ ಎದ್ದು ನಿಂತು, ಇವಳು ಯುದ್ಧದಲ್ಲಿ ಜರ್ಮನ್ನರ ಏಜೆಂಟ್ ಆಗಿದ್ದಳು ಅಂತ ಆರೋಪ ಹೊರಿಸಿದ. ಸಾಬೀತು ಆಗಲಿಲ್ಲ, ಆದರೆ ಬದುಕು ಅಲ್ಲಿಗೇ ಮುಗಿಯಿತು. 1984ರಲ್ಲಿ ಬಡತನದಲ್ಲಿ ಸತ್ತಳು. ಆ ಪಾರ್ಟಿಯ ಅಧ್ಯಾಯ ಓದಿ ನನಗೆ ಸಿಟ್ಟು ಇಳಿಯಲು ಎರಡು ದಿನ ಬೇಕಾಯಿತು.

ಈಗಿನ ಫಾರ್ಮುಲಾ ಒನ್‌ಗೆ ಬಂದರೆ ಎರಡು ಸಾಕು. ಸ್ಟೀವ್ ಮ್ಯಾಚೆಟ್ ಅವರ 'ದಿ ಮೆಕ್ಯಾನಿಕ್ಸ್ ಟೇಲ್'. ಶೂಮಾಕರ್ 1994, 1995ರಲ್ಲಿ ಚಾಂಪಿಯನ್ ಆದಾಗ ಅದೇ ಬೆನೆಟನ್ ತಂಡದಲ್ಲಿ ಸ್ಪ್ಯಾನರ್ ಹಿಡಿದಿದ್ದವರು ಇವರು. ಗ್ಯಾರೇಜಿನ ನಿದ್ದೆಗೆಟ್ಟ ರಾತ್ರಿಗಳು ಇದರಲ್ಲಿ ಸಿಗುತ್ತವೆ. ಇನ್ನೊಂದು, ಕಾರು ವಿನ್ಯಾಸ ಮಾಡುವ ಏಡ್ರಿಯನ್ ನ್ಯೂಯಿ ಅವರ 'ಹೌ ಟು ಬಿಲ್ಡ್ ಎ ಕಾರ್'. ಒಂದೊಂದು ಕಾರಿಗೆ ಒಂದೊಂದು ಭಾಗ. ಬ್ರೆಜಿಲ್‌ನ ಚಾಂಪಿಯನ್ ಸೆನ್ನಾ 1994ರಲ್ಲಿ ಸತ್ತ ವಿಲಿಯಮ್ಸ್ ತಂಡದ ಕಾರು ಇವರ ವಿನ್ಯಾಸ. ಅದರ ಬಗ್ಗೆ ತಪ್ಪಿಸಿಕೊಳ್ಳದೆ ಬರೆದಿದ್ದಾರೆ. ನಡುವೆ ಗಾಳಿ, ರೆಕ್ಕೆ, ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ) ಲೆಕ್ಕ ಬರುತ್ತದೆ. ತಲೆಗೆ ಹತ್ತದಿದ್ದರೆ ಹಾರಿಸಿ ಓದಿ, ನಾನೂ ಹಾಗೇ ಮಾಡಿದ್ದು.

ಹಾಗಾದರೆ ಆತ್ಮಕಥೆ ಒಂದೂ ಬೇಡವಾ? ಎರಡು ಓದಬಹುದು. ನಿಕಿ ಲಾಡಾ ಅವರ 'ಟು ಹೆಲ್ ಅಂಡ್ ಬ್ಯಾಕ್'. 1976ರ ಆಗಸ್ಟ್ 1ರಂದು ನ್ಯೂರ್ಬರ್ಗ್‌ರಿಂಗ್‌ನಲ್ಲಿ ಬೆಂಕಿಯಲ್ಲಿ ಸುಟ್ಟವರು 42 ದಿನಕ್ಕೆ ಮೊಂಜಾದಲ್ಲಿ ಕಾರು ಹತ್ತಿ ನಾಲ್ಕನೆಯವರಾಗಿ ಬಂದರು. ಅದನ್ನು ಅಂಗಡಿಗೆ ಹೋಗಿ ಹಾಲು ತಂದ ಹಾಗೆ ಹೇಳುತ್ತಾರೆ. ಕಣ್ಣೀರು ಹಾಕಿಸುವ ಪ್ರಯತ್ನವೇ ಇಲ್ಲ. ಇನ್ನೊಂದು ಮಾರ್ಕ್ ಡೊನೊಹ್ಯೂ ಅವರ 'ದಿ ಅನ್‌ಫೇರ್ ಅಡ್ವಾಂಟೇಜ್'. ಅಮೆರಿಕದ ಈ ಡ್ರೈವರ್ ಓದಿದ್ದು ಎಂಜಿನಿಯರಿಂಗ್. ತೂಕ ಇಳಿಸಲು ಕಾರಿನ ಬಾಡಿಯನ್ನೇ ಆಸಿಡ್‌ನಲ್ಲಿ ಅದ್ದಿ ತಗಡು ತೆಳು ಮಾಡಿದ ಕಥೆಯೆಲ್ಲ ನಾಚಿಕೆ ಇಲ್ಲದೆ ಹೇಳುತ್ತಾರೆ. ಗೆದ್ದದ್ದಕ್ಕಿಂತ ತಾನು ಎಲ್ಲಿ ಎಡವಿದೆ ಅನ್ನೋದೇ ಅವರಿಗೆ ಮುಖ್ಯ. ಅದಕ್ಕೇ ಇದು ನನಗೆ ಇಷ್ಟ. 1975ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದಲ್ಲಿ ಪ್ರ್ಯಾಕ್ಟೀಸ್ ವೇಳೆ ಆದ ಅಪಘಾತದಿಂದ ತೀರಿಕೊಂಡರು.

ನಮ್ಮ ಕಡೆಯ ರೇಸಿನ ಬಗ್ಗೆ? ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ಹಳೆ ರನ್‌ವೇ ಮೇಲೆ ರೇಸು ನಡೆಯುತ್ತಿತ್ತು. ಬೆಂಗಳೂರಿನ ಹುಡುಗರು ರಾತ್ರಿ ಬಸ್ ಹತ್ತಿ ಹೋಗುತ್ತಿದ್ದರು, ನಮ್ಮ ಮಾವನೂ ಹೋದವರೇ. ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಓಡಿಸುವ ಎಷ್ಟೋ ವರ್ಷ ಮೊದಲಿನ ಮಾತು. ಅದನ್ನು ನಾನು ಪುಸ್ತಕದಲ್ಲಿ ಓದಿಲ್ಲ, ಊಟ ಆದ ಮೇಲೆ ಜಗಲಿಯಲ್ಲಿ ಕೂತು ಕೇಳಿದ್ದು. ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ಕೂರಿಸಿಕೊಂಡು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಕೊಳ್ಳುವ ವಿಚಾರ. ಹೊಸ ಪುಸ್ತಕಗಳು ಸುಲಭವಾಗಿ ಸಿಗುತ್ತವೆ. ನಿಕ್ಸನ್ ಅವರದ್ದು ಹಳೆಯದು, ದುಬಾರಿ, ಚರ್ಚ್ ಸ್ಟ್ರೀಟ್ ಕಡೆ ಹಳೆ ಪುಸ್ತಕದ ಅಂಗಡಿಗಳಿಗೆ ಹೋದಾಗಲೆಲ್ಲ ಒಂದು ಕಣ್ಣಿಟ್ಟಿರಿ. ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ತರಿಸುವಾಗ ಫೋಟೋ ಪುಟಗಳು ಇವೆಯಾ ಅಂತ ಮೊದಲೇ ಕೇಳಿ. ನನಗೆ ಒಮ್ಮೆ ಫೋಟೋ ಪುಟಗಳನ್ನೆಲ್ಲ ಕತ್ತರಿಸಿ ತೆಗೆದ ಪ್ರತಿ ಬಂದಿತ್ತು.

ಜೆಂಕಿನ್ಸನ್ ಲೇಖನವನ್ನು ಕಳೆದ ದೀಪಾವಳಿಗೆ ಹೋದಾಗ ಪ್ರಿಂಟ್ ತೆಗೆದು ಮಾವನಿಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ದಿಬ್ಬದ ಜಾಗ ಎರಡು ಸಲ ಓದಿದ್ದು ನಾನು ನೋಡಿದೆ. ಕಾಗದ ಮಡಿಸಿಟ್ಟು, ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದ್ದು ಒಂದೇ ಮಾತು: "ಕಪ್ ಇವನಿಗೂ ಒಂದು ಕೊಟ್ಟರಂತಾ?"